ಕಪೆಂಬ್ವಾ ಕಟ್ಟಿದ ಗೋಡೆ ಒಡೆದಿರಲಿಲ್ಲ

ಗಂಡನನ್ನು ಕಳಕೊಂಡ ಚೋಲಾ, ಕಪೆಂಬ್ವಾನ ಮಕ್ಕಳೇ, ಚಾಪೆಯ ಮೇಲೆ ಕೂತಿರುವ ಹೆಂಗಸರೇ, ಬೆಂಕಿಯ ಸುತ್ತ ಇರುವ ಗಂಡಸರೇ, ಮುಂದಿನ ಕುರ್ಚಿಗಳಲ್ಲಿರುವ ಗಣಿಯ ಅಧಿಕಾರಿಗಳೇ — ಎಲ್ಲರಿಗೂ ನಮಸ್ಕಾರ.

ನಾನು ಗಣಿಯ ದೀಪದ ಕೋಣೆಯ ಮೇಲ್ವಿಚಾರಕಿ. ಕೆಳಗಿಳಿಯುವ ಪ್ರತಿಯೊಬ್ಬನ ಹಣೆಯ ದೀಪವೂ ನನ್ನ ಕೈಯಿಂದಲೇ ಹೋಗಬೇಕು, ನನ್ನ ಕೈಗೇ ವಾಪಸು ಬರಬೇಕು. ಬಿಲ್ಲೆ ಕೊಡದವನಿಗೆ ದೀಪವಿಲ್ಲ — ಒಡಹುಟ್ಟಿದ ತಮ್ಮನಾದರೂ ಇಲ್ಲ. ಯಾರನ್ನೂ ನಂಬದಿರುವುದೇ ನನ್ನ ಕೆಲಸ. ಗಣಿಯ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ಕಪೆಂಬ್ವಾನ ಕೆಲಸವೂ ಅದೇ.

ಮೊದಲು ನಾನು ಅವನನ್ನೂ ನಂಬಿರಲಿಲ್ಲ. “ಇರೋದು ಒಂದೇ ಪೆಟ್ಟಿಗೆ. ಅದರೊಳಗೆ ಲಿಫ್ಟಿನ ದಾರಿ ಬೇರೆ, ಆಫೀಸಿಂದು ಬೇರೆ, ಅತಿಥಿಗಳದು ಬೇರೆ ಅಂತೀಯ. ಯಾರ ಕಿವಿಗೆ ಹೂ ಇಡ್ತೀಯಪ್ಪಾ?” ಎಂದು ಕೇಳಿದ್ದೆ.

ನಕ್ಕ. “ಬಾ ಮಾಯೋ, ನನ್ನ ತಾಯೀ, ನಿಮ್ಮ ಅಳಿಯ ನಿಮ್ಮ ಅಡುಗೆಮನೆಗೆ ಬರ್ತಾನಾ?”

“ಅಳಿಯ ಅತ್ತೆ ಎದುರು ಬರೋದುಂಟಾ? ಬಂದ್ರೆ ಕಾಲು ಮುರೀತೀನಿ.”

“ಅಂಗಳ ಒಂದೇ ತಾನೇ? ಆದ್ರೂ ಅವನ ದಾರಿ ನಿಮ್ಮ ಕಡೆ ಬರಲ್ಲ. ಅವನಿಗೆ ಏನಾದ್ರೂ ಹೇಳ್ಬೇಕು ಅಂದ್ರೆ?”

“ಮದುವೆ ಕುದುರಿಸಿದ ಬಾಶಿಬುಕೊಂಬೆ ಇದಾನಲ್ಲ, ಅವನ ಕೈಲಿ ಹೇಳಿಸ್ತೀನಿ.”

“ನನ್ನ ಫೈರ್‌ವಾಲೂ ಅಷ್ಟೇ, ಬಾಶಿಬುಕೊಂಬೆ!”

ಅಂದಿನಿಂದ, ಒಂದೇ ಪೆಟ್ಟಿಗೆಯೊಳಗೆ ದಾರಿಗಳನ್ನು ಬೇರೆ ಮಾಡುವ ಈ ವಿ-ಲ್ಯಾನ್ ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಲಿಫ್ಟ್ ನಿಂತ ದಿನದ ಮಾತು. ಜನ ನಡುದಾರಿಯಲ್ಲಿ, ಕತ್ತಲಲ್ಲಿ ತೂಗಾಡುತ್ತಿದ್ದರು. ಮೇಲೆ ನಾನು — ದೀಪಗಳಿಲ್ಲದ ಗೂಟಗಳನ್ನು ನೋಡುತ್ತ ನಿಂತಿದ್ದೆ. ದೇವರು ದೊಡ್ಡವನು, ಎಲ್ಲರೂ ಮೇಲೆ ಬಂದರು. ಒಂದು ದೀಪ ಮಾತ್ರ ಬರಲಿಲ್ಲ. ಅದನ್ನು ಹುಡುಕುತ್ತ ಲಿಫ್ಟ್ ನಡೆಸುವವರ ವಿಶ್ರಾಂತಿ ಕೋಣೆಗೆ ಹೋದೆ. ದೀಪ ಟೀವಿಯ ಹಿಂದೆ ಇತ್ತು. ಅದರ ಪಕ್ಕದಲ್ಲಿ — ಇಷ್ಟೇ ಇಷ್ಟು, ನನ್ನ ಅಂಗೈಯಷ್ಟು — ಒಂದು ಪುಟ್ಟ ಪೆಟ್ಟಿಗೆ. ಟೀವಿಯ ಕೇಬಲ್, ಲಿಫ್ಟಿನ ಕೇಬಲ್, ಅತಿಥಿಗಳ ಸಾಕೆಟ್ಟಿನಿಂದ ಬಂದ ಕೇಬಲ್ — ಮೂರೂ ಅದಕ್ಕೇ! ಯಾರಿಗೋ ಫುಟ್‌ಬಾಲ್ ನೋಡಬೇಕಿತ್ತು. ಅಳಿಯನನ್ನು ಹಿತ್ತಲಿನಿಂದ ನೇರ ಅತ್ತೆಯ ಅಡುಗೆಮನೆಗೆ ನುಗ್ಗಿಸಿದ್ದರು. ಲಿಫ್ಟ್ ದಿಕ್ಕೆಟ್ಟು ನಿಂತದ್ದು ಅದಕ್ಕೇ.

ಕಪೆಂಬ್ವಾನನ್ನು ಕರೆತರುವಷ್ಟರಲ್ಲಿ ಪೆಟ್ಟಿಗೆ ಮಾಯ. ಧೂಳಿನಲ್ಲಿ ಅದಿದ್ದ ಜಾಗ ಮಾತ್ರ ಚೊಕ್ಕವಾಗಿತ್ತು. ಅವನು ಬಗ್ಗಿ ನೋಡಿದ. “ಗೋಡೆ ಗಟ್ಟಿಯಾಗೇ ಇದೆ, ಬಾ ಮಾಯೋ. ಯಾರೋ ಸುತ್ತು ಹಾಕ್ಕೊಂಡು ಬಂದಿದಾರೆ. ಯಾರು ಅಂತ ನಾನೇ ಕೇಳ್ತೀನಿ” ಎಂದ.

ಕೇಳುವ ಮೊದಲೇ ಅವನ ಎದೆಬಡಿತ ನಿಂತುಹೋಯಿತು.

ಅವನು ಸತ್ತ ಮೇಲೆ ಎಲ್ಲರ ನಾಲಗೆಗೂ ಧೈರ್ಯ ಬಂತು. ದಾರಿ ತೆರೆದಿಟ್ಟವನು ಅವನೇ ಅಂತೆ! ವಿಚಾರಣೆಯೂ ಮುಗಿಯಿತಂತೆ! ಅಷ್ಟು ಅವಸರ ಯಾಕೆ, ಸ್ವಾಮಿ? ಉತ್ತರ ಕೊಡಲಾರದವನು ಸಿಕ್ಕಿದ ಅಂತಲೇ? ಇಂದು ಬೆಳಿಗ್ಗೆ ನಲ್ಲಿಯ ಹತ್ತಿರ ಒಬ್ಬಳು ಈ ಮಕ್ಕಳ ಮುಖಕ್ಕೇ ಹೇಳಿದಳು — “ನಿಮ್ಮಪ್ಪ ನನ್ನ ಗಂಡನ್ನ ಕೊಲ್ತಿದ್ದ.” ಮಕ್ಕಳು ಕೊಡ ಅಲ್ಲೇ ಬಿಟ್ಟು ಮನೆಗೆ ಬಂದರು.

ಸ್ವಲ್ಪ ಹೊತ್ತಿನ ಮೊದಲು ಇಲ್ಲೇ ಜೆರೆ ಕೂಗಿದ, “ಸಮಾಧಿಗೂ ಬೇಲಿ ಹಾಕ್ಸಿ, ಇವನು ಪಕ್ಕದವರ ಜೊತೆ ಸೇರೋನಲ್ಲ!” ಅವನು ಙೋನಿ ಕುಲದವನು, ಬೆಂಬಾ ಕುಲದ ನಮ್ಮ ಸಾವಿನಲ್ಲಿ ಗೇಲಿ ಮಾಡುವುದು ಅವನ ಹಕ್ಕು. ಎಲ್ಲರೂ ನಕ್ಕಿರಿ. ಚೋಲಾ ಕೂಡ ಕಣ್ಣೀರಿನಲ್ಲೇ ನಕ್ಕಳು. ನಗದವರೂ ಇದ್ದರು. ಅವರ ಮುಖ ನಾನು ನೋಡಿದ್ದೇನೆ.

ನಾನು ಹೆಸರು ಹೇಳುವುದಿಲ್ಲ. ದೀಪ ಬಿಟ್ಟವನೇ ಪೆಟ್ಟಿಗೆ ಇಟ್ಟ ಎನ್ನಲಾರೆ; ಕಾಣದ್ದನ್ನು ಕಂಡೆ ಎನ್ನುವವಳಲ್ಲ ನಾನು.

ಈಗ ಎಲ್ಲರೂ ಎದ್ದು ನಿಲ್ಲಿ. ಬೆಂಕಿಯ ಹತ್ತಿರ ಇರುವವರೂ ಏಳಿ. ತಲೆ ತಗ್ಗಿಸಿ, ಕಪೆಂಬ್ವಾನಿಗಾಗಿ ಮೌನವಾಗಿರೋಣ. ನಾನು ಸಾಕು ಎಂದಾಗ ಎಲ್ಲರೂ ಕೂರಬಹುದು.

ಆ ಪೆಟ್ಟಿಗೆ ಇಟ್ಟವನೇ — ನೀನು ಕೂರಬೇಡ. ಈ ಮಕ್ಕಳಿಗೆ ಕಾಣುವ ಹಾಗೆ ನಿಂತೇ ಇರು.