ಹಿತ್ತಲ ಕಿಟಕಿಯ ಲೋಟ

ತಾಯಂದಿರೇ, ಅಣ್ಣಂದಿರೇ, ಒಂದು ಪೇಟೆಯಲ್ಲಿ ಒಬ್ಬ ಸಾಹುಕಾರ ಇದ್ದ. ಎಣ್ಣೆ ಗಿರಣಿಯ ಸಾಹುಕಾರ. ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ಇಲ್ಲಿ ಕುಳಿತವರಲ್ಲಿ ಯಾರಾದರೂ ತಲೆ ತಗ್ಗಿಸಬೇಕಾದೀತು! ಆದರೆ ಅವನ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಣ್ಣುಮಗಳ ಹೆಸರು ಹೇಳುತ್ತೇನೆ. ಚಿಕ್ಕತಾಯಮ್ಮ. ಆ ಮನೆಯಲ್ಲಿ ಚೊಂಬು, ತಟ್ಟೆ, ಸೌಟು, ಲೋಟ, ಎಲ್ಲದರ ಮೇಲೂ ಅಂಗಡಿಯಲ್ಲಿ ಕೊರೆಸಿದ ಸಾಹುಕಾರನ ಹೆಸರಿತ್ತು. ಒಂದೇ ಒಂದು ಲೋಟಕ್ಕೆ ಹೆಸರಿರಲಿಲ್ಲ. ಅಂಚು ನೆಗ್ಗಿದ ಲೋಟ, ಹಿತ್ತಲ ಕಿಟಕಿಯ ಮೇಲೆ ಬೋರಲಾಗಿ ಇರುತ್ತಿತ್ತು. ಅದು ಯಾರದು? ನಿಮಗೆ ಗೊತ್ತಾಯಿತು. ಎಷ್ಟು ಬೇಗ ಗೊತ್ತಾಯಿತು ನೋಡಿ!

ಸಾಹುಕಾರ ಕೆಟ್ಟವನಲ್ಲ. ಒತ್ತಿ ಹೇಳುತ್ತೇನೆ, ಕೆಟ್ಟವನಲ್ಲ. ಅವನಿಗೆ ಇತಿಹಾಸದ ಹುಚ್ಚು. ಯಾವ ದೇಶದಲ್ಲಿ ಯಾವ ಬಡಜನ ತಮ್ಮ ಹಕ್ಕಿಗಾಗಿ ಎದ್ದು ನಿಂತರು, ಯಾವ ಕಾಡಿನವರು ತಮ್ಮ ಬೆಟ್ಟವನ್ನು ಬಿಟ್ಟುಕೊಡಲಿಲ್ಲ, ಇಂಥ ಯಾರೂ ಕೇಳದ ಕಥೆಗಳನ್ನೇ ಹುಡುಕಿ ಹುಡುಕಿ ಓದುತ್ತಿದ್ದ. ಭಾನುವಾರ ಬೆಳಿಗ್ಗೆ ಗೆಳೆಯರನ್ನು ಜಗಲಿಯಲ್ಲಿ ಕೂರಿಸಿ ಹೇಳುತ್ತಿದ್ದ. ಹೇಳುತ್ತಾ ಹೇಳುತ್ತಾ ಕಣ್ಣು ಒದ್ದೆ. ಆ ಕಣ್ಣೀರೂ ಸುಳ್ಳಲ್ಲ.

ಗಿರಣಿಯ ಸದ್ದಿನಲ್ಲಿ ಕೂಗಿ ಕೂಗಿ ಬೆಳೆದ ಗಂಟಲು. ಜಗಲಿಯಲ್ಲಿ ಆಡಿದ್ದು ನಡುಮನೆ ದಾಟಿ ಹಿತ್ತಲಿಗೆ ಕೇಳುತ್ತಿತ್ತು. ಚಿಕ್ಕತಾಯಮ್ಮ ಭಾನುವಾರ ಬೇಕೆಂದೇ ನಿಧಾನವಾಗಿ ಪಾತ್ರೆ ತೊಳೆಯುತ್ತಿದ್ದಳು. ಅವಳಿಗೆ ಕಥೆಯೆಂದರೆ ಪ್ರಾಣ. ಅವಳಷ್ಟು ಕಿವಿಗೊಟ್ಟು ಕೇಳುವವರು ಜಗಲಿಯಲ್ಲೂ ಇರಲಿಲ್ಲ.

ಒಂದು ಭಾನುವಾರ ಸಾಹುಕಾರ ಒಂದು ದ್ವೀಪದ ಕಥೆ ಎತ್ತಿಕೊಂಡ.

"ಹೊರಗಿಂದ ಬಂದವರು ಅಲ್ಲಿ ರಾಜ್ಯ ಆಳ್ತಿದ್ರು. ಸಂತೆ ಮೈದಾನದಲ್ಲಿ ಎರಡು ನಲ್ಲಿ. ಒಳ್ಳೇದು ಅವರಿಗೆ. ತುಕ್ಕು ಹಿಡಿದದ್ದು ಆ ನೆಲದ ಮೂಲದವರಿಗೆ. ಒಂದಿನ ಬುಟ್ಟಿ ಹೆಣೆಯೋ ಮುದುಕಿ ಒಬ್ಬಳು ಒಳ್ಳೇ ನಲ್ಲಿಗೇ ಬೊಗಸೆ ಒಡ್ಡಿ ಕುಡಿದುಬಿಟ್ಳು! ಹಿಡಿದು ಜೈಲಿಗೆ ಹಾಕಿದ್ರು. ಮಾರನೇ ದಿನ ಅವಳ ಕಡೆಯೋರು ಹತ್ತು ಜನ ಬಂದು ಕುಡಿದ್ರು. ಅವರೂ ಜೈಲಿಗೆ. ಅದರ ಮಾರನೇ ದಿನ ನೂರು ಜನ, ಹಾಡು ಹೇಳ್ಕೊಂಡು, ಹಾಸಿಗೆ ಸುತ್ಕೊಂಡೇ ಬಂದ್ರು! ಕೊನೆಗೆ ಜೈಲಿನವನಿಗೇ ಮಲಗೋಕೆ ಜಾಗ ಇಲ್ಲ!"

ಜಗಲಿಯಲ್ಲಿ ನಗೆಯೋ ನಗೆ. ಹಿತ್ತಲಲ್ಲಿ ಚಿಕ್ಕತಾಯಮ್ಮನೂ ಸೋಪಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು.

"ಅಧಿಕಾರಿ ಓಡಿ ಬಂದ. 'ಆ ತುಕ್ಕು ನಲ್ಲಿ ಕಿತ್ತು ನಿಮಗೆ ಹಿತ್ತಾಳೆ ನಲ್ಲಿ ಹಾಕಿಸ್ತೀನಿ, ನಮ್ಮದಕ್ಕಿಂತ ಚೆನ್ನಾಗಿರೋದು' ಅಂದ. ಮುದುಕಿ ಏನಂದ್ಳು ಗೊತ್ತಾ? 'ನಮಗೆ ಬೇರೆ ನಲ್ಲಿ ಬೇಡ. ನಿಮ್ಮ ಸಾಲಲ್ಲಿ ನಿಲ್ಲೋಕೆ ಜಾಗ ಬೇಕು.'"

ಸಾಹುಕಾರ ಕಣ್ಣೊರೆಸಿಕೊಂಡ. ಅಷ್ಟರಲ್ಲಿ ಅವನ ಹೆಂಡತಿ ಹಿತ್ತಲ ಬಾಗಿಲಿಗೆ ಬಂದು, "ಚಿಕ್ಕತಾಯೀ, ಕಾಫಿ ಆರಿಹೋಗುತ್ತೆ, ಲೋಟ ಹಿಡಿ" ಎಂದಳು. ಕಿಟಕಿಯ ಲೋಟ ಬಂತು. ಮೇಲಿನಿಂದ ಕಾಫಿ ಬಿತ್ತು.

ಹನ್ನೊಂದು ವರ್ಷ ಅದೇ ಲೋಟದಲ್ಲಿ ಕುಡಿದವಳು. ಅಂದು ಮಾತ್ರ ಅದರ ನೆಗ್ಗಿದ ಅಂಚನ್ನೇ ನೋಡುತ್ತಾ ಕುಡಿದಳು. ಕೇಳಿಬಿಡಲೇ? ಕೇಳಿದರೆ, ನಾಳೆಯಿಂದ ಬರಬೇಡ ಎನ್ನಬಹುದು. ಬೇರೆ ಮನೆಗೆ ಹೋದರೆ ಅಲ್ಲೂ ಒಂದು ಕಿಟಕಿ, ಅಲ್ಲೂ ಒಂದು ಲೋಟ. ಆದರೆ ಆ ದ್ವೀಪದ ಮುದುಕಿಗೆ ತನಗಿಂತ ವಯಸ್ಸಾಗಿತ್ತಲ್ಲ!

ಅವಳು ಕೂಗಾಡಲಿಲ್ಲ. ಕುಡಿದ ಲೋಟವನ್ನು ತೊಳೆದಳು. ಕಿಟಕಿಯ ಮೇಲೆ ಇಡಲಿಲ್ಲ. ಉಳಿದ ಲೋಟಗಳ ಬುಟ್ಟಿಗೆ, ಸರಿಯಾಗಿ ನಡುವೆ ಇಟ್ಟಳು. ಅಷ್ಟೇ ಅವಳು ಮಾಡಿದ್ದು.

"ಏನೇ ಇದು?" ಎಂದಳು ಸಾಹುಕಾರನ ಹೆಂಡತಿ.

"ತೊಳ್ದು ಮಡಗಿವ್ನಿ ಅಮ್ಮಾವ್ರೇ. ಎಲ್ಲಾನೂ ಇದೇ ಕೈಲಿ ತೊಳ್ದಿದ್ದು."

ಹೆಂಡತಿ ಗಂಡನನ್ನು ಕೂಗಿದಳು. ಸಾಹುಕಾರ ಎದ್ದು ಬಂದ, ಬುಟ್ಟಿ ನೋಡಿದ, ಕಿಟಕಿ ನೋಡಿದ. ಓದಿದವನಲ್ಲವೇ, ತಕ್ಷಣ ಅರ್ಥವಾಯಿತು. ಮುಖ ಕೆಂಪಗಾಯಿತು. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಚಿಕ್ಕತಾಯಮ್ಮ ಕೆಲಸ ಹೋಯಿತೆಂದೇ ಸೆರಗಿಗೆ ಕೈ ಒರೆಸಿಕೊಂಡು ನಿಂತಳು.

ಅರ್ಧ ಗಂಟೆಯಲ್ಲಿ ಬಂದ. ಕೈಯಲ್ಲಿ ಫಳಫಳ ಹೊಳೆಯುವ ಹೊಸ ಲೋಟ! ಮನೆಯ ಎಲ್ಲ ಲೋಟಗಳಿಗಿಂತ ದೊಡ್ಡದು. ಅದರ ಮೇಲೆ ದುಂಡಗೆ ಕೊರೆಸಿದ ಹೆಸರು, ಚಿಕ್ಕತಾಯಮ್ಮ.

"ತಗೋ. ಇನ್ಮೇಲೆ ಇದು ನಿನ್ನದು," ಎಂದು ಎದೆಯುಬ್ಬಿಸಿ ಹೇಳಿದ. "ಈ ಮನೇಲಿ ಇನ್ಯಾರೂ ಇದನ್ನ ಮುಟ್ಟೋ ಹಾಗಿಲ್ಲ!"

ನಗುತ್ತೀರಿ! ಅವಳಿಗೂ ನಗು ಬಂತು. ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಬೋ ಚೆಂದಾಗೈತೆ ಯಜಮಾನ್ರೇ. ಆದ್ರೆ ಇದು ಆ ಹಿತ್ತಾಳೆ ನಲ್ಲಿ ಅಲ್ವರಾ?"

ಗಟ್ಟಿಯಾಗಿ ನಕ್ಕವಳು ಸಾಹುಕಾರನ ಹೆಂಡತಿ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಒಳಗೆ ಹೋಗಿ ಬಿಸಿ ಕಾಫಿ ತಂದಳು. ಚಿಕ್ಕತಾಯಮ್ಮನ ಹೆಸರಿನ ಹೊಸ ಲೋಟಕ್ಕೆ ಬಗ್ಗಿಸಿ ಗಂಡನ ಕೈಗೆ ಕೊಟ್ಟಳು. ಸಾಹುಕಾರನ ಹೆಸರಿನ ಲೋಟವನ್ನು ಚಿಕ್ಕತಾಯಮ್ಮನ ಕೈಗೆ ಕೊಟ್ಟು, "ಕೂತ್ಕೊಳೇ" ಎಂದು ತಾನೂ ಒಂದು ಲೋಟ ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕುಳಿತಳು. ಮೂವರೂ ಕುಡಿದರು. ಆ ನೆಗ್ಗಿದ ಲೋಟ ಮುಂದಿನ ಭಾನುವಾರ ಜಗಲಿಯಲ್ಲಿ ಯಾವ ದೊಡ್ಡಮನುಷ್ಯನ ಪಾಲಿಗೆ ಬಂತೋ, ಯಾರೂ ಗಮನಿಸಲಿಲ್ಲ.

ಸರಿ, ಕಥೆ ಮುಗಿಯಿತು. ಈಗ ನಿಮ್ಮ ಮನೆಗೆ ಬರೋಣ. ಬರಲೇ? ಯಾಕೆ ಸುಮ್ಮನಾದಿರಿ?

ದೂರದ ಊರಿನ ಅನ್ಯಾಯ ಕೇಳಿದರೆ ನಮಗೆ ಅಳು ಬರುತ್ತದೆ. ಅಳುವುದು ಸುಲಭ, ಅಲ್ಲಿಗೆ ನಾವು ಹೋಗಬೇಕಾಗಿಲ್ಲವಲ್ಲ! ನಿಮ್ಮ ಹಿತ್ತಲಿಗೆ ಎಷ್ಟು ಹೆಜ್ಜೆ? ನಾನು ನಿಮಗೆ ಮಾತ್ರ ಹೇಳುತ್ತಿಲ್ಲ. ಈ ಮಠದಲ್ಲೂ ಕಸ ಗುಡಿಸುವವರಿಗೆಂದು ಕಂಬದ ಹಿಂದೆ ಒಂದು ಲೋಟ ಇತ್ತು. ಎಷ್ಟೋ ವರ್ಷ ಅದರ ಪಕ್ಕದಲ್ಲೇ ಓಡಾಡಿದೆ, ಕಾಣಲಿಲ್ಲ. ಹೋದ ತಿಂಗಳು ಕಂಡಿತು. ನಾಚಿಕೆಯಾಯಿತು. ನಾನೇ ಎತ್ತಿ ಒಳಗೆ ತಂದಿಟ್ಟೆ.

ಇವತ್ತು ಮನೆಗೆ ಹೋದವರೇ ಕಿಟಕಿ ನೋಡಿ, ನಲ್ಲಿಯ ಹಿಂದೆ ನೋಡಿ. ಸಿಕ್ಕ ಲೋಟವನ್ನು ಉಳಿದವುಗಳ ಜೊತೆ ಸೇರಿಸಿ. ಪುಣ್ಯ ಬರಲೆಂದು ಹೊಸದು ಕೊಳ್ಳಬೇಡಿ! ನಾಳೆ ಆ ತಾಯಿ ಕೆಲಸಕ್ಕೆ ಬಂದಾಗ ಕೈಗೆ ಸಿಕ್ಕಿದ ಲೋಟದಲ್ಲಿ ಕಾಫಿ ಕೊಡಿ. ಕುಳಿತುಕೋ ಎನ್ನಿ. ನೀವೂ ಪಕ್ಕದಲ್ಲಿ ಕುಳಿತು ಕುಡಿಯಿರಿ.