ಸೂಜಿ ಬಿದ್ದ ರಟ್ಟೆ

…ಅಲ್ಲ ಮಂಗಳಾ, ಅವಳನ್ನ ಕೆಲಸ ಬಿಡಿಸಿದ್ದು ತಪ್ಪು ಅಂತೀಯಾ? ಅಂದಂಗಾದ್ರೆ ಬಾಯಿ ಬಿಟ್ಟು ಹೇಳು! ಬೆಳಿಗ್ಗೆ ಏಳೂವರೆಗೇ ಬಂದು ನಿಂತಿದ್ಲು ನಿರ್ಮಲಾ, ಕಂಕುಳಾಗೆ ತನ್ನ ಕೂಸನ್ನ ಇಟ್ಕೊಂಡು. ಮನೆ ಗೇಟಿನ ಹತ್ರಾನೇ ತಡೆದೆ. "ಒಳಗೆ ಕಾಲಿಡಬೇಡ. ನಿಮ್ಮ ನನ್ನಿವಾಳ ಊರಿನ ನೆಗಡಿ ಜ್ವರ ಎಲ್ಲ ಹೊತ್ಕೊಂಡು ಬಂದು ನಮ್ಮ ಸಣ್ಣ ಸಾವ್ಕಾರನ್ನ ಆಸ್ಪತ್ರೆಯಾಗೆ ಮಲಗಿಸಿದ್ದೀಯ, ಸಾಕು ನಿನ್ನ ಸೇವೆ" ಅಂದೆ. ಅತ್ಲು. ಅಳಲಿ! ಈ ಚಳ್ಳಕೆರೆ ಸೀಮೆಯಾಗೆ ಬೋರ್‌ವೆಲ್ ಬತ್ತಬಹುದು, ಅವರ ಕಣ್ಣೀರು ಬತ್ತಲ್ಲ.

ಆಯ್ತು, ಮೆಲ್ಲಗೇ ಮಾತಾಡ್ತೀನಿ. ನನಗೂ ಗೊತ್ತೈತೆ ಮಗು ಮಲಗೈತೆ ಅಂತ, ತುಟಿ ಮೇಲೆ ಬೆರಳಿಟ್ಟು ಹೇಳ್ಕೊಡಬೇಡ. ಮೂರು ದಿನದಾಗೆ ಮುಖ ಇಷ್ಟಾಗ್ಬಿಡ್ತು ನೋಡು... ಮೂಗಿಗೆ ಪೈಪು, ಕೈಗೆ ಡ್ರಿಪ್ಪು. ಉಸಿರು ಎಳೆದಾಗ ಪಕ್ಕೆ ಒಳಗೆ ಹೋಗ್ತೈತೆ, ಅಯ್ಯೋ, ನೋಡೋಕಾಗಲ್ಲ. ನನ್ನ ಗಂಡನ ಹೆಸರು ಹೊತ್ತ ಜೀವ ಅದು. ಹೆಸರು ಹಿಡಿದು ಕರೆಯೋಕೆ ನನಗೆ ನಾಲಿಗೆ ಏಳಲ್ಲ ಅಂತಾನೇ ಸಣ್ಣ ಸಾವ್ಕಾರ, ಸಣ್ಣ ಸಾವ್ಕಾರ ಅಂತ ಮೂರು ವರ್ಷ ಮೆರೆಸಿದ್ದೀನಿ. ಹೆತ್ತೋಳು ನೀನು ಅಂತ ನಿನಗೊಬ್ಬಳಿಗೇ ಹೊಟ್ಟೆ ಉರಿತೈತೆ ಅನ್ಕೋಬೇಡ.

ಮತ್ತೆ ಆ ಕಾರ್ಡ್ ತೆಗೆದ್ಯಾ? ಎಷ್ಟು ಸಲ ನೋಡ್ತೀಯಾ ಅದನ್ನ? ಡಾಕ್ಟ್ರು ರೌಂಡ್ಸಿಗೆ ಬಂದಾಗ "ಫ್ಲೂ ಲಸಿಕೆ ಆಗಿದೆಯಾ?" ಅಂದ್ರು. ನೀನು ಪಟ್ಟಂತ ಕಾರ್ಡ್ ಹಿಡಿದೆ. ಎರಡು ಡೋಸು, ಎರಡು ಸೀಲು. "ಹಾಗಾದ್ರೆ ಫ್ಲೂ ಇರೋದು ಕಡಿಮೆ, ಬೇರೆ ಏನೋ ಇರಬೇಕು, ಸಂಜೆವರೆಗೆ ನೋಡೋಣ" ಅಂದು ಹೋದ್ರು. ಮುಗೀತಲ್ಲ! ನೋಡಿ ನೋಡಿ ಅಕ್ಷರ ಬದಲಾಗ್ತಾವಾ? ಇತ್ತ ಕೊಡು, ಬ್ಯಾಗಿನಾಗೆ ಇಡ್ತೀನಿ. ...ಕೊಡಲ್ವಾ? ಇಟ್ಕೋ ಹಂಗಾದ್ರೆ, ಪೂಜೆ ಮಾಡು.

ಬೇಕಾಗಿರಲಿಲ್ಲ ನಮಗೆ ಈ ಸೂಜಿ. ನಿನ್ನ ಗಂಡ ಓಂಕಾರನ್ನ ನಾನು ಬೆಳೆಸ್ಲಿಲ್ವಾ? ಬಜೆ ತೇಯ್ದು ನೆಕ್ಕಿಸಿದ್ರೆ ಎದೆ ಕಫ ಕರಗೋದು. ಸರ್ಕಾರದೋರು ಪುಕ್ಕಟೆ ಹಾಕೋ ಸೂಜಿಗಳಾಗೆ ಇದು ಇಲ್ಲವೇ ಇಲ್ಲ, ಅಂದ್ರೆ ಬೇಡ ಅಂತಾನೇ ಅಲ್ವಾ? ನೀನು ಕೇಳ್ಲಿಲ್ಲ. ಸ್ಕೂಲಿನಾಗೆ ಯಾರದೋ ಮಗೂಗೆ ಫ್ಲೂ ಬಂದು ಐಸಿಯುಗೆ ಹೋಯ್ತಂತೆ, ಹಾಕಿಸ್ಲೇಬೇಕಂತೆ. ರಜ ಮಾತ್ರ ಸಿಗಲ್ಲ ಟೀಚರಮ್ಮನಿಗೆ! ಎರಡು ಸಲಾನೂ ಆ ಕಲ್ಯಾಣ ಮಂಟಪದ ಕ್ಯಾಂಪಿಗೆ ಬಿಸಿಲಾಗೆ ಕರ್ಕೊಂಡು ಹೋದೋಳು ಯಾರು? ಈ ಮಂಡಿ ನೋವಿನ ಮುದುಕಿ. ಜೊತೆಗೆ ನಿರ್ಮಲಾ, ಅವಳ ಬಾಲದಂಗೆ ಅವಳ ಮಗಳು ಕಾವ್ಯ.

ಅಲ್ಲಿ ಏನಾಯ್ತು ಗೊತ್ತಾ ನಿನಗೆ? ಟೇಬಲ್ ಹತ್ರ ಕೂತಿದ್ದ ಹುಡುಗಿ ಎಲ್ಲರ ಮುಂದೆ ಕೇಳ್ತಾಳೆ: "ಅಜ್ಜಿ, ಮಗೂಗೆ ಮೊಟ್ಟೆ ಒಗ್ಗುತ್ತಾ? ಮೊಟ್ಟೆ ತಿಂದ್ರೆ ಮೈಮೇಲೆ ಗಂಧೆ ಏಳುತ್ತಾ?" ಮೊಟ್ಟೆ! ನಮ್ಮನ್ನ! ಎಣ್ಣೆ ಮಿಲ್ ಅನ್ನಪೂರ್ಣಮ್ಮ ಅಂದ್ರೆ ಇಡೀ ಊರಿಗೆ ಗೊತ್ತು. ಹಿಂದೆ ನಿಂತಿದ್ದ ಹೆಂಗಸ್ರು ಕಿಸಕ್ಕಂದ್ರು. ಯಾಕಮ್ಮ ಹಿಂಗೆ ಕೇಳ್ತೀಯ ಅಂದೆ. "ಈ ಲಸಿಕೆನ ಕೋಳಿಮೊಟ್ಟೆಯಾಗೆ ಬೆಳೆಸ್ತಾರೆ ಅಜ್ಜಿ, ಅದಕ್ಕೆ" ಅಂದ್ಲು. ಅಯ್ಯನೋರ ಕೈಲಿ ಲಿಂಗ ಕಟ್ಟಿಸಿದ ಮೈ ಅದು ಮಂಗಳಾ! ಅದರ ರಕ್ತಕ್ಕೆ ಕೋಳಿಮೊಟ್ಟೆನಾ?

ಯಾಕೆ ನಕ್ಕೆ? ಅದೇನು ನಗೋ ಮಾತಾ? ಹ್ಞೂಂ, ನಿನಗೆ ನಗುನೇ. ನಿಮ್ಮಪ್ಪ ಮೊಳಕಾಲ್ಮೂರಿನಾಗೆ ರೇಷ್ಮೆ ಸೀರೆ ಹರವ್ಕೊಂಡು ಕೂತು, ಬಂದೋರನ್ನೆಲ್ಲ "ರಂಡಿ, ಕೂರ್ಚೋಂಡಿ" ಅಂತ ಕೂರಿಸ್ಕೊಂಡು ತೆಲುಗು ಮಾತಾಡ್ತಾ ಮಾತಾಡ್ತಾ, ಸೀರೆ ಜೊತೆ ನೇಮಾನೂ ಮಾರ್ಕೊಂಡ್ರು. ನಿಮ್ಮಣ್ಣ ರಾಯದುರ್ಗಕ್ಕೆ ಹೋಗಿ ಆಮ್ಲೆಟ್ ತಿಂದು ಬಾಯಿ ಒರೆಸ್ಕೊಂಡು ಬರ್ತಾನೆ ಅಂತ ನನಗೆ ಗೊತ್ತಿಲ್ಲ ಅನ್ಕೊಂಡ್ಯಾ? ಗೊತ್ತಿದ್ದೂ ಸುಮ್ಮನೆ ನಿನ್ನನ್ನ ತಂದ್ಕೊಂಡಿದ್ದು ನಾನು. ನಿನ್ನ ಬಣ್ಣ ನೋಡಿ ಮೋಸ ಹೋದೆ.

ಆಮೇಲಾ? ಆಮೇಲೇನು, ಹಾಕಿಸ್ದೆ. ಗಂಡ ಹೆಂಡತಿ ಇಬ್ಬರೂ ಹುಕುಂ ಮಾಡಿದ್ರಲ್ಲ. ಮೊಟ್ಟೆನೋ ಮಣ್ಣೋ ಅಂತ ಹಾಕಿಸ್ದೆ. ಸೀಲ್ ಐತಲ್ಲ ಕಣ್ಣ ಮುಂದೆ!

ಏನು ಉಪಯೋಗ ಆಯ್ತು ಹೇಳು? ನಮ್ಮ ಕೂಸು ಇಲ್ಲಿ ಮಲಗೈತೆ. ಆ ಕಾವ್ಯ ಐತಲ್ಲ, ದಿನವೆಲ್ಲ ಇದರ ಜೊತೆ ಒಂದೇ ಚಾಪೆ ಮೇಲೆ ಉರುಳಾಡ್ತೈತೆ, ಇದು ಕಚ್ಚಿದ ಬಿಸ್ಕತ್ತನ್ನೇ ಅದೂ ಕಚ್ಚುತೈತೆ... ಒಂದು ಸೀನು? ಒಂದು ಕೆಮ್ಮು? ಊಹೂಂ! ಬೆಳಿಗ್ಗೆ ಗೇಟಿನಾಗೆ ತಾಯಿ ಅಳ್ತಿದ್ರೆ ಅದು ನನ್ನ ನೋಡಿ ಹಲ್ಲು ಬಿಡ್ತೈತೆ! ಕಲ್ಲು, ಕಲ್ಲು. ಮುದ್ದೆ ಉಳಿಸಿಟ್ಟು ತಿನ್ನೋರಿಗೇ ಗಟ್ಟಿ ಮೈ ಕೊಡ್ತಾನೆ ಆ ಶಿವ.

ಏನು? ಹುಬ್ಬು ಯಾಕೆ ಗಂಟು ಹಾಕ್ದೆ? ಮಗೂಗೆ ಜ್ವರ ಇಲ್ಲದಿದ್ರೆ ತಾಯಿ ತಂದಿರ್ತಾಳೆ. ತಾಯೀಗೂ ಇಲ್ಲ ಅಂತೀಯಾ... ಅವಳ ಸೀರೆ ತಂದಿರ್ತೈತೆ! ನೀನೇನು ಕೋರ್ಟ್ ನಡೆಸ್ತೀಯಾ ಇಲ್ಲಿ? ಅವರ ಕಷ್ಟ ನನಗೆ ಗೊತ್ತು. ಹೋದ ತಿಂಗಳು ಮಗಳ ರಟ್ಟೆ ಊದೈತೆ, ರಾತ್ರಿಯೆಲ್ಲ ನರಳ್ತು ಅಂತ ಬಂದು ಗೋಳಾಡಿದಾಗ ಅರಿಶಿನ ಬಿಸಿ ಮಾಡಿ ಕೊಟ್ಟೋಳು ನಾನೇ. ಎರಡನೇ ಸಲಾನೂ ಕೊಟ್ಟೆ...

ಏನೋ ಕಡಿದಿರಬೇಕು. ಕಟ್ಟಿರುವೆ. ಅವರ ಮನೆ ಸುತ್ತ ಬರೀ ಕಲ್ಲು, ಇರುವೆ.

ಯಾಕೆ ಮಗು ತೋಳು ಸವರ್ತೀಯಾ ಹಂಗೆ? ಎಬ್ಬಿಸಬೇಡ. ಸೂಜಿ ಗುರುತೆಲ್ಲ ಇಷ್ಟು ದಿನ ಇರಲ್ಲ. ಅವತ್ತೂ ಇರಲಿಲ್ಲ... ಅಂದ್ರೆ, ಅವತ್ತು ಸಂಜೆ ನೀರು ಹಾಕಿದೋಳು ನೀನೇ ತಾನೆ? ರಟ್ಟೆ ಹಿಡಿದು ತಿಕ್ಕಿದ್ರೂ ಅಳಲಿಲ್ಲ, "ಎಷ್ಟು ಧೈರ್ಯ ನನ್ನ ಬಂಗಾರಕ್ಕೆ" ಅಂತ ಮುದ್ದಾಡಿದೆ. ಹ್ಞೂಂ ಅಂದೆ ನಾನು. ಇನ್ನೇನು ಅನ್ಲಿ?

ಮಂಗಳಾ, ಆ ನೋಟ ಬೇಡ. ಬೈಯೋದಿದ್ರೆ ಬೈ. ಹಿಂಗೆ ಆ ಕಾರ್ಡನ್ನ ನನ್ನ ಮುಖಕ್ಕೆ ಹಿಡೀಬೇಡ!

ಸರಿ! ಹೌದು! ಹಾಕಿಸ್ಲಿಲ್ಲ. ಏನೀಗ? ಆ ಹುಡುಗಿ ಮೊಟ್ಟೆ ಅಂದ ಮೇಲೆ ನನ್ನ ಕೈಯಿಂದ ಆಗಲಿಲ್ಲ. ಹಾಕಿಸದೆ ಬಂದ್ರೆ ನೀನು ಸುಮ್ಮನಿರ್ತಿದ್ಯಾ? ಮನೆಯಾಗೆ ನನ್ನ ಮಾತಿಗೆ ಯಾವ ಬೆಲೆ ಐತೆ? ಆಗ ತಾನೆ ಕಾವ್ಯಾದು ದೇವರಿಗೆ ಮುಡಿ ಕೊಟ್ಟು ತಲೆ ಬೋಳಿಸಿದ್ರು. ಗಂಡೋ ಹೆಣ್ಣೋ ನೋಡೋರಿಗೆ ಏನು ಗೊತ್ತಾಗ್ತೈತೆ? ಬ್ಯಾಗಿನಾಗೆ ಸಣ್ಣ ಸಾವ್ಕಾರನ ಇನ್ನೊಂದು ಅಂಗಿ ಇತ್ತು, ಅವಳಿಗೆ ತೊಡಿಸಿ ಇವನ ಹೆಸರಿನಾಗೆ ಕೂರಿಸ್ದೆ. ಟಾನಿಕ್ ಸೂಜಿ ಕಣೆ, ನಿನ್ನ ಮಗಳು ದಪ್ಪ ಆಗ್ತಾಳೆ ಅಂದೆ ನಿರ್ಮಲಾಗೆ. ನಂಬಿದ್ಲು. ಅವಳೇ ಕೈಕಾಲು ಅದುಮಿ ಹಿಡ್ಕೊಂಡ್ಲು. ಮೊಟ್ಟೆ ತಿನ್ನೋರಿಗೆ ಮೊಟ್ಟೆ ಸೂಜಿ, ಅದರಾಗೆ ಪಾಪ ಏನು ಬಂತು? ನೋಡೋಕೆ ಹೋದ್ರೆ ಉಪಕಾರಾನೇ ಆಗೈತೆ ಅವರಿಗೆ! ಎರಡನೇ ಸಲಕ್ಕೆ ಅವಳಿಗೆ ಅನುಮಾನ ಬಂತು, ಹೆಸರು ಬೇರೆ ಕೂಗ್ತಾರಲ್ಲ ಅಮ್ಮಾರೆ ಅಂದ್ಲು. ಬಾಯಿ ಬಿಟ್ರೆ ನಾಳೆಯಿಂದ ಬರಬೇಡ ಅಂದೆ. ಬಿಡಲಿಲ್ಲ. ಅಷ್ಟು ಧೈರ್ಯ ಅವರಿಗೆಲ್ಲಿ?

ಇವತ್ತು ಬಂತು ನೋಡು ಆ ಧೈರ್ಯ. ಗೇಟಿನ ಮುಂದೆ ನಿಂತು ನನಗೇ ಹೇಳ್ತಾಳೆ, "ಅಮ್ಮಾರೆ, ಆ ಸೂಜಿ ವಿಷಯ ಡಾಕ್ಟ್ರಿಗೆ ಹೇಳ್ಬಿಡ್ರಿ. ನೀವು ಹೇಳದಿದ್ರೆ ನಾನೇ ಆಸ್ಪತ್ರೆಗೆ ಬಂದು ಹೇಳ್ತೀನಿ. ನನ್ನ ಎದೆ ಮೇಲೆ ಮಲಗಿ ಬೆಳೆದ ಮಗು ಅದು" ಅಂತ. ಅವಳ ಎದೆ! ಅದಕ್ಕೇ ಓಡಿಸ್ದೆ. ಬೀದಿಯೋರಿಗೆಲ್ಲ ಕೇಳೋ ಹಂಗೆ, ಜ್ವರ ತಂದೋಳು ನೀನೇ ಅಂತ ಕೂಗಿ ಓಡಿಸ್ದೆ. ಇನ್ನು ಅವಳು ಏನು ಹೇಳಿದ್ರೂ ಯಾರು ನಂಬ್ತಾರೆ? ಕೆಲಸ ಹೋದ ಹೊಟ್ಟೆಕಿಚ್ಚಿಗೆ ಹೇಳ್ತಾಳೆ ಅಂತಾರೆ.

ಎಲ್ಲಿಗೆ ಎದ್ದೆ? ಕೂತ್ಕೋ. ಸಂಜೆವರೆಗೆ ನೋಡೋಣ ಅಂದಿಲ್ವಾ ಡಾಕ್ಟ್ರು? ಈಗಲೇ ಜ್ವರ ಇಳಿದ್ರೂ ಇಳೀತು. ಸುಮ್ಮನೆ ಯಾಕೆ ಊರಿಗೆಲ್ಲ... ಓಂಕಾರ ಔಷಧಿ ತಗೊಂಡು ಬರ್ತಾನೆ ಈಗ. ಅವನಿಗೆ ಮಾತ್ರ ಬೇಡ ಕಣಮ್ಮ. ನಿನ್ನ ಕಾಲು... ಅತ್ತೆ ಕೈಲಿ ಕಾಲು ಹಿಡಿಸ್ಕೊಂಡೆ ಅಂತ ನಿನ್ನ ತವರಿನಾಗೆ ಹೇಳ್ಕೊಂಡು ನಗು ಬೇಕಾದ್ರೆ, ಆದ್ರೆ ಬೇಡ... ಬಾಗಿಲು ತೆಗೀಬೇಡ!

ಓ... ಬನ್ನಿ ಡಾಕ್ಟ್ರೇ. ಬನ್ನಿ, ನಿಮ್ಮನ್ನೇ ನೆನೆಸ್ತಿದ್ವಿ. ಏನಂದ್ರಿ? ಉಸಿರು ಜೋರಾಗೈತಾ? ಜಾಸ್ತಿನಾ? ಅಯ್ಯೋ...

ಹ್ಞಾಂ? ಲಸಿಕೆನಾ? ಅದೇ... ಮಂಗಳಾ, ಹೇಳು, ಡಾಕ್ಟ್ರು ಕೇಳ್ತಿದ್ದಾರೆ. ಬೆಳಿಗ್ಗೆ ಇಂಗ್ಲಿಷಿನಾಗೆ ಪಟಪಟ ಅಂತ ಮಾತಾಡ್ತಿದ್ಯಲ್ಲ.

ಡಾಕ್ಟ್ರೇ, ನೋಡ್ರಿ... ಒಂದು ಮೋಸ ಆಗೈತೆ. ಆ ಸೂಜಿ ನಮ್ಮ ಮಗೂಗೆ ಬಿದ್ದಿಲ್ಲ. ಎರಡೂ ಬಿದ್ದಿಲ್ಲ. ನಮ್ಮ ಮನೆ ಕೆಲಸದೋಳು, ನಿರ್ಮಲಾ ಅಂತ, ನನ್ನ ಕಣ್ಣು ತಪ್ಪಿಸಿ ತನ್ನ ಮಗಳಿಗೆ ಹಾಕಿಸ್ಕೊಂಡಾಳೆ. ಈಗ ತಾನೆ ಗೊತ್ತಾಯ್ತು ನಮಗೂ. ಎಂಥ ಜನ ನೋಡ್ರಿ, ಅನ್ನ ಹಾಕಿದ ಮನೆಗೇ... ನನ್ನ ಮಾತು ನಂಬದಿದ್ರೆ ನಮ್ಮ ಸೊಸೆನ ಕೇಳ್ರಿ. ಇಬ್ಬರೂ ಈಗ ಅದನ್ನೇ ಮಾತಾಡ್ತಿದ್ವಿ.

ಹೌದು ಅಲ್ವಾ ಮಂಗಳಾ? ಹ್ಞೂಂ ಅನ್ನಮ್ಮ. ಒಂದು ಸಲ ಹ್ಞೂಂ ಅಂದ್ರೆ ಸಾಕು.

ಮಂಗಳಾ...

ಡಾಕ್ಟ್ರು ಕಾಯ್ತಿದ್ದಾರೆ ಕಣೇ.