ಮಡಿ ಕೋಣೆಯ ಉಣ್ಣಿ

ಅದೇ ಕಣೇ, ಟ್ವೀ... ಟ್ವೀಜ... ನೀನು ಹುಬ್ಬು ಕೀಳ್ತೀಯಲ್ಲ, ಅದು. ತಂದ್ಯಾ? ಬಾಗಿಲು ಹಾಕು ಮಹತಿ. ನಿಮ್ಮಮ್ಮ ಯಲಹಂಕ ಮಾರ್ಕೆಟ್ಟಿಂದ ಬರೋಷ್ಟರಲ್ಲಿ ಮುಗೀಬೇಕು. ಮನೇಲಿ ಇನ್ನೊಂದು ಉಣ್ಣಿ ಕಂಡ್ರೆ ಕಡಬೂನ ರಾಜಾನುಕುಂಟೆ ತೋಟಕ್ಕೆ ಸಾಗಹಾಕ್ತೀನಿ ಅಂದಿದಾಳೆ. ಪಾಪ, ಬಾಲ್ಕನಿ ಬಿಟ್ಟು ಒಳಗೆ ಕಾಲಿಡದ ನಾಯಿ.

ಇಲ್ಲಿ, ಈ ಅಜ್ಜಿ ಕಿವಿ ಹಿಂದೆ. ಕಂಡ್ತಾ? ಮುಟ್ಟು, ಪರವಾಗಿಲ್ಲ, ಇವತ್ತೊಂದಿನ ಮಡಿ ಇಲ್ಲ. ಯಾಕೆ ನಗ್ತೀಯ?

ಸೀಮೆಎಣ್ಣೆ ಬೇಡ ತಾಯಿ. ನಮ್ಮ ಮಾನ್ವಿಯಲ್ಲಿ ಎಮ್ಮೆಗೆ ಹಚ್ತಿದ್ರು. ನಮ್ಮಣ್ಣ ಊದುಬತ್ತಿಯಿಂದ ಸುಡೋಕೆ ಹೋಗಿ ಎಮ್ಮೆ ಕೈಲಿ ಒದೆ ತಿಂದ. ಹಾಗೆ ಕೆಣಕಿದ್ರೆ ಉಣ್ಣಿ ಹೊಟ್ಟೇಲಿರೋದನ್ನ ನಮ್ಮೊಳಗೇ ಕಕ್ಕುತ್ತಂತೆ. ಚರ್ಮದ ಹತ್ರ, ತಲೆ ಇರೋ ಕಡೆ ಹಿಡಿ. ಹೊಟ್ಟೆ ಹಿಸುಕಬೇಡ, ತಿರುಚಬೇಡ. ನೇರ ಮೇಲಕ್ಕೆ, ನಿಧಾನ... ನಿಧಾನ ಅಂದೆ, ಬಾವಿ ಹಗ್ಗ ಸೇದ್ದಂಗೆ ಸೇದಬೇಡ.

ಬಂತಾ? ತಲೆ ಸಮೇತಾನಾ? ಉಗುರಲ್ಲಿ ಕುಕ್ಕಬೇಡ, ಟೇಪಿಗೆ ಅಂಟಿಸಿಬಿಡು. ಈಗ ಸೋಪು ನೀರು ಹಾಕಿ ತೊಳಿ.

ನಂಗೆ ಹೆಂಗೆ ಗೊತ್ತಾ? ನಾಯಿ ಡಾಕ್ಟ್ರು ಜಾಫರ್ ಹೇಳಿದ್ರು. ಫೋನಲ್ಲಿ. ಅಲ್ಲ, ಹಾಲಿನ ಬೂತಲ್ಲಿ. ಎಲ್ಲಾದ್ರೇನು ನಿಂಗೆ? ಕಡಬೂಗೂ ಕಿವಿಯೊಳಗೆ, ಬೆರಳ ಸಂದೀಲಿ ಕೂದಲು ಬಿಡಿಸಿ ನೋಡ್ಬೇಕಂತೆ. ದಿನಾ ನೋಡ್ತೀನಿ. ದೂರದಿಂದ.

ನಂಗೆ ಎಲ್ಲಿಂದ ಹತ್ತಿತೋ... ದಾಸವಾಳ ಕೀಳೋಕೆ ಬಗ್ಗಿದ್ದೆನಲ್ಲ, ಆ ಗಿಡದಿಂದ ಇರ್ಬೇಕು.

ನನ್ನ ಮಡಿ ಕಂಬಳಿ ಯಾಕೆ ಎತ್ತಿದೆ? ಆ ಬಿಳೀ ಕೂದಲು ನಂದೇ. ವಯಸ್ಸಾದ ಮೇಲೆ ಹಂಗೇ, ಗಿಡ್ಡ ಗಿಡ್ಡವೇ ಉದುರೋದು.

ಹಂಗೆ ನೋಡ್ಬೇಡ ಕಣೇ.

ಹೌದು. ಹೋದ ವಾರ ಸೋಫಾ ಮೇಲೆ ಉಣ್ಣಿ ಸಿಕ್ಕಾಗ ನೀನೇ ನಾಯೀನ ಒಳಗೆ ಬಿಟ್ಕೊಂಡೆ ಅಂತ ನಿಮ್ಮಮ್ಮ ಬೈದ್ಲು, ನಾನೂ ಎರಡು ಮಾತು ಸೇರಿಸ್ದೆ. ನೀನು ಅತ್ತುಬಿಟ್ಟೆ. ಆಗ್ಲೂ ನಿಜ ಹೇಳ್ಲಿಲ್ಲ ನಾನು. ಮಡಿ ಅಂದ್ರೆ ಈ ಕೋಣೆಗೆ ಯಾರೂ ಬರಲ್ಲ ಅಂತ... ರಾತ್ರಿ ಕಡಬು ಪಕ್ಕ ಮಲಗಿದ್ರೆ ಬೆನ್ನಿಗೆ ಬೆಚ್ಚಗಿರುತ್ತೆ ಕಣೇ. ಗೊರಕೆ ಮಾತ್ರ ನಿಮ್ಮ ತಾತಂದೇ.

ಇರು, ಬಾಗಿಲ ಕಡೆ ಹೋಗ್ಬೇಡ.

ಆಯ್ತು, ಕ್ಯಾಲೆಂಡರ್ ತಗೋ. ಉಣ್ಣಿ ಕಿತ್ತ ದಿನ ಗುರುತು ಹಾಕ್ಬೇಕಂತೆ, ಆಮೇಲೆ ಜ್ವರ ಬಂದ್ರೆ ಡಾಕ್ಟ್ರಿಗೆ ಹೇಳೋಕೆ. ನಿಮ್ಮಮ್ಮಂಗೆ ಕಾಣೋ ಹಂಗೆ ದೊಡ್ಡಕ್ಷರದಲ್ಲಿ ಬರಿ: ಅಜ್ಜಿಗೆ ಉಣ್ಣಿ ಕಚ್ಚಿದೆ. ನಾಯೀನ ಒಳಗೆ ಬಿಟ್ಕೊಂಡೋಳು ಅಜ್ಜಿ. ತೋಟಕ್ಕೆ ಕಳಿಸೋದಾದ್ರೆ ಇಬ್ಬರನ್ನೂ ಒಂದೇ ಗಾಡೀಲಿ ಕಳಿಸಬೇಕು.